ಒಂದು ಕಾಲಾಳಿನ ಬೆಲೆ ಬಲ್ಲ ಕಾಪಾಬ್ಲಾಂಕಾ

ಚದುರಂಗದಲ್ಲಿ ಎದುರಾಳಿಗಿಂತ ಒಂದು ಕಾಲಾಳು ಹೆಚ್ಚಿಗೆ ಇರುವುದು ಒಂದು ಸಂಗತಿ. ಆ ಹೆಚ್ಚಿನ ಕಾಲಾಳಿನಿಂದ ಆಟವನ್ನು ಗೆದ್ದುಕೊಳ್ಳುವುದು ಬೇರೆಯೇ ಸಂಗತಿ. ಇವೆರಡರ ನಡುವಿನ ಹಾದಿ ಎಷ್ಟೋ ಸಲ ನಲವತ್ತು, ಐವತ್ತು ನಡೆಗಳಷ್ಟು ದೀರ್ಘವಾಗಿರುತ್ತದೆ. ಆ ಹಾದಿಯಲ್ಲಿ ಎಡವಿ ಬಿದ್ದವರಲ್ಲಿ ಘಟಾನುಘಟಿಗಳೂ ಇದ್ದಾರೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆಗಳು ಚೆಸ್ ಇತಿಹಾಸದಲ್ಲಿ ಹೇರಳವಾಗಿವೆ.

ಈ ಹಾದಿಯನ್ನು ಇತರರಿಗಿಂತ ಸುಲಭವಾಗಿ, ನೋಡುವವರಿಗೆ ಏನೂ ಶ್ರಮವಿಲ್ಲವೇನೋ ಎನಿಸುವಂತೆ ಕ್ರಮಿಸಿದವರು ಕ್ಯೂಬಾದ ಹೊಸೆ ರೌಲ್ ಕಾಪಾಬ್ಲಾಂಕಾ. 1921ರಿಂದ 1927ರವರೆಗೆ ಅವರು ವಿಶ್ವ ಚಾಂಪಿಯನ್. ಅಂತ್ಯದಾಟದ ಮಾತು ಬಂದಾಗ ಇಂದಿಗೂ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು. ಆದರೆ ವಿಧಿಯ ವಿಪರ್ಯಾಸ ನೋಡಿ: ಅವರ ಕಿರೀಟವನ್ನು ಕಸಿದುಕೊಂಡ ಕಟ್ಟಕಡೆಯ ಆಟವೂ ಒಂದು ಅಂತ್ಯದಾಟವೇ. ಅಲ್ಲಿ ಒಂದು ಕಾಲಾಳು ಹೆಚ್ಚಿಗೆ ಇದ್ದದ್ದು ಮಾತ್ರ ಎದುರಾಳಿಯ ಬಳಿ.

ಕೋಟೆಯಲ್ಲಿ ಹುಟ್ಟಿದ ಬಾಲಕ

ಕಾಪಾಬ್ಲಾಂಕಾ ಹುಟ್ಟಿದ್ದು 1888ರ ನವೆಂಬರ್ 19ರಂದು, ಹವಾನಾ ನಗರದಲ್ಲಿ. ಕ್ಯೂಬಾ ಆಗ ಸ್ಪೇನ್‌ನ ಆಳ್ವಿಕೆಯಲ್ಲಿತ್ತು. ತಂದೆ ಸ್ಪೇನ್ ಸೇನೆಯಲ್ಲಿ ಅಧಿಕಾರಿಯಾಗಿದ್ದರು. ನಾಲ್ಕು ವರ್ಷದ ಮಗು ತಂದೆ ಗೆಳೆಯರೊಡನೆ ಆಡುವುದನ್ನು ನೋಡನೋಡುತ್ತಲೇ ಚದುರಂಗದ ನಿಯಮಗಳನ್ನು ಗ್ರಹಿಸಿತು. ಒಂದು ದಿನ ತಂದೆ ಕುದುರೆಯನ್ನು ತಪ್ಪು ಮನೆಗೆ ನಡೆಸಿದಾಗ ಮಗು ನಕ್ಕು ಅದನ್ನು ಎತ್ತಿ ತೋರಿಸಿತು. ಕೆರಳಿದ ತಂದೆ ಪರೀಕ್ಷೆಗೆಂದು ಆಟಕ್ಕೆ ಕೂರಿಸಿದರೆ, ಮಗುವೇ ಗೆದ್ದಿತು. ಈ ಪ್ರಸಂಗವನ್ನು ಕಾಪಾಬ್ಲಾಂಕಾ ಅವರೇ ತಮ್ಮ ಆತ್ಮಕಥನರೂಪದ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

1901ರ ಕೊನೆಯಲ್ಲಿ, ಹದಿಮೂರು ತುಂಬುವ ಹೊತ್ತಿಗೆ, ಆ ಬಾಲಕ ಕ್ಯೂಬಾದ ಅಗ್ರ ಆಟಗಾರ ಹುವಾನ್ ಕೊರ್ಸೊ ಅವರೊಡನೆ ಸರಣಿಯೊಂದನ್ನು ಆಡಿದ. ಮೊದಲು ನಾಲ್ಕು ಆಟ ಗೆದ್ದವರು ವಿಜೇತರು ಎಂಬುದು ಷರತ್ತು. ಆರಂಭದ ಸೋಲುಗಳಿಂದ ಚೇತರಿಸಿಕೊಂಡು ನಾಲ್ಕರ ಗಡಿ ಮುಟ್ಟಿದವನು ಬಾಲಕನೇ. ಆರಂಭದ ನಡೆಗಳ ಪುಸ್ತಕಜ್ಞಾನ ಅವನಿಗೆ ಹೆಚ್ಚೇನೂ ಇರಲಿಲ್ಲ. ಆದರೆ ಮಣೆಯ ಮೇಲಿನ ಕಾಯಿಗಳು ಕಡಿಮೆಯಾದಷ್ಟೂ ಅವನ ಆಟಕ್ಕೆ ಕಳೆ ಏರುತ್ತಿತ್ತು. ಮುಂದಿನ ನಾಲ್ಕು ದಶಕಗಳ ಕಾಲ ಈ ಗುಣ ಬದಲಾಗಲಿಲ್ಲ.

ನ್ಯೂಯಾರ್ಕ್‌ನಿಂದ ಯೂರೋಪಿಗೆ

1906ರಲ್ಲಿ ತರುಣ ಕಾಪಾಬ್ಲಾಂಕಾ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಓದಬೇಕಾಗಿದ್ದುದು ರಾಸಾಯನಿಕ ಎಂಜಿನಿಯರಿಂಗ್. ಕಾಲ ಕಳೆಯುತ್ತಿದ್ದುದು ಮ್ಯಾನ್‌ಹಟನ್ ಚೆಸ್ ಕ್ಲಬ್ಬಿನಲ್ಲಿ. ಕೊನೆಗೆ ಓದು ಹಿಂದೆ ಸರಿಯಿತು. 1909ರಲ್ಲಿ ಅಮೆರಿಕದ ಅಗ್ರಮಾನ್ಯ ಆಟಗಾರ ಫ್ರಾಂಕ್ ಮಾರ್ಷಲ್ ಅವರೊಡನೆ ನಡೆದ ಸರಣಿಯಲ್ಲಿ ಕಾಪಾಬ್ಲಾಂಕಾ 8 ಆಟ ಗೆದ್ದು, ಕೇವಲ ಒಂದನ್ನು ಸೋತರು; 14 ಡ್ರಾ ಆದವು. ಇಪ್ಪತ್ತರ ಹರೆಯದ ತರುಣನೊಬ್ಬನಿಂದ ಇಂಥ ಫಲಿತಾಂಶವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಆ ಗೆಲುವಿನ ಬಲದಿಂದ 1911ರಲ್ಲಿ ಸ್ಪೇನ್‌ನ ಸಾನ್ ಸೆಬಾಸ್ಟಿಯನ್ ಟೂರ್ನಿಗೆ ಆಹ್ವಾನ ಬಂತು. ಅದು ಆ ಕಾಲದ ದಿಗ್ಗಜರ ಕೂಟ. ಅನುಭವವಿಲ್ಲದ ಈ ಹುಡುಗನಿಗೆ ಅಲ್ಲೇನು ಕೆಲಸ ಎಂದು ಓಸಿಪ್ ಬರ್ನ್‌ಸ್ಟೈನ್ ಆಕ್ಷೇಪಿಸಿದರು. ಕಾಪಾಬ್ಲಾಂಕಾ ಮೊದಲ ಸುತ್ತಿನಲ್ಲೇ ಬರ್ನ್‌ಸ್ಟೈನ್ ಅವರನ್ನು ಸೋಲಿಸಿದರು. ಸೊಗಸಾದ ಆಟಕ್ಕೆ ಮೀಸಲಾದ ಬಹುಮಾನವೂ ಆ ಆಟಕ್ಕೇ ಸಂದಿತು. ಕೊನೆಗೆ ಅಕಿಬಾ ರುಬಿನ್‌ಸ್ಟೈನ್, ಮಿಲಾನ್ ವಿಡ್ಮಾರ್ ಅವರಂಥವರನ್ನು ಹಿಂದಿಕ್ಕಿ ಟೂರ್ನಿಯನ್ನೇ ಗೆದ್ದರು. ಆ ಟೂರ್ನಿಯಲ್ಲಿ ಅವರನ್ನು ಸೋಲಿಸಿದ್ದು ರುಬಿನ್‌ಸ್ಟೈನ್ ಒಬ್ಬರೇ.

ಅಂದಿನ ವಿಶ್ವ ಚಾಂಪಿಯನ್ ಜರ್ಮನಿಯ ಇಮಾನುಯೆಲ್ ಲಾಸ್ಕರ್. ಪಟ್ಟಕ್ಕಾಗಿ ಅವರೊಡನೆ ಸೆಣಸಲು ಅದೇ ವರ್ಷ ಮಾತುಕತೆ ಆರಂಭವಾದರೂ ಷರತ್ತುಗಳ ಜಟಾಪಟಿಯಲ್ಲಿ ಮುರಿದುಬಿತ್ತು. 1913ರಲ್ಲಿ ಕ್ಯೂಬಾ ಸರ್ಕಾರ ಕಾಪಾಬ್ಲಾಂಕಾ ಅವರಿಗೆ ವಿದೇಶಾಂಗ ಇಲಾಖೆಯಲ್ಲಿ ಹುದ್ದೆ ನೀಡಿತು. ಕಡತಗಳ ಕೆಲಸವೇನೂ ಹೆಚ್ಚಿಗೆ ಇರಲಿಲ್ಲ. ದೇಶದ ಹೆಸರನ್ನು ಹೊತ್ತು ಲೋಕ ಸುತ್ತುವುದೇ ಮುಖ್ಯ ಕರ್ತವ್ಯವಾಗಿತ್ತು. 1914ರ ಸೇಂಟ್ ಪೀಟರ್ಸ್‌ಬರ್ಗ್ ಟೂರ್ನಿಯಲ್ಲಿ ಕಾಪಾಬ್ಲಾಂಕಾ ಬಹುಕಾಲ ಮುಂದಿದ್ದು, ಕೊನೆಯ ಹಂತದಲ್ಲಿ ಲಾಸ್ಕರ್ ಅವರಿಗೆ ಸೋತು, ಅರ್ಧ ಅಂಕದಿಂದ ಎರಡನೆಯ ಸ್ಥಾನಕ್ಕೆ ಇಳಿದರು. ಮುನ್ನಡೆ ಇದ್ದ ಮಾತ್ರಕ್ಕೆ ಗೆಲುವು ತನ್ನದಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು.

ಹೆಚ್ಚಿಗೆ ಇದ್ದರೆ ಸಾಕೆ?

ಕಾಪಾಬ್ಲಾಂಕಾ ಅವರ ಹಿರಿಮೆ ಎಲ್ಲಿದೆ ಎಂದು ತಿಳಿಯಬೇಕಾದರೆ ಅಂತ್ಯದಾಟದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಆಟಗಾರರು ಕಾಯಿಗಳಿಗೆ ಒಂದು ಸ್ಥೂಲವಾದ ಬೆಲೆ ಕಟ್ಟಿದ್ದಾರೆ. ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ ತಲಾ 3, ಆನೆಗೆ 5, ಮಂತ್ರಿ ಅಥವಾ ರಾಣಿಗೆ 9. ಈ ಲೆಕ್ಕದಲ್ಲಿ ಮುಂದಿರುವವರೇ ಗೆಲ್ಲಬೇಕು ಎಂದು ಹೊಸಬರು ಭಾವಿಸುತ್ತಾರೆ. ಮಣೆ ಹಾಗೆ ಹೇಳುವುದಿಲ್ಲ.

ಮಣೆಯ ಮೇಲೆ ಒಂದು ಕಡೆ ರಾಜ ಮತ್ತು ಒಂಟೆ, ಇನ್ನೊಂದು ಕಡೆ ಬರೀ ರಾಜ ಉಳಿದಿದ್ದಾರೆ ಎಂದುಕೊಳ್ಳೋಣ. ಲೆಕ್ಕದಲ್ಲಿ ಮೂರು ಅಂಶಗಳ ಮುನ್ನಡೆ ಇದ್ದರೂ ಚೆಕ್‌ಮೇಟ್ ಅಸಾಧ್ಯ. ಅದೇ ರಾಜನ ಜೊತೆ ಒಂದೇ ಒಂದು ಕಾಲಾಳು ಇದ್ದರೆ ಗೆಲುವಿನ ಆಸೆ ಉಂಟು, ಏಕೆಂದರೆ ಕಾಲಾಳು ಎಂಟನೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ. ಆದುದರಿಂದಲೇ ಹೆಚ್ಚುವರಿ ಬಲ ಇರುವವನು ದೊಡ್ಡ ಕಾಯಿಗಳನ್ನು ವಿನಿಮಯ ಮಾಡಿಕೊಳ್ಳಬೇಕು, ಕಾಲಾಳುಗಳನ್ನು ಉಳಿಸಿಕೊಳ್ಳಬೇಕು; ಕಡಿಮೆ ಬಲದವನು ಕಾಲಾಳುಗಳನ್ನು ಕಳೆದು ಮಣೆಯನ್ನು ಬರಿದು ಮಾಡಲು ನೋಡಬೇಕು ಎಂಬ ಸೂತ್ರ ಹುಟ್ಟಿದೆ.

ಆದರೆ ಆ ಒಂದು ಕಾಲಾಳೂ ತಾನಾಗಿ ಮಂತ್ರಿಯಾಗುವುದಿಲ್ಲ. ರಾಜ ತನ್ನ ಕಾಲಾಳಿನ ಹಿಂದೆ ಅಡಗಿ ನಿಂತರೆ, ಎದುರಾಳಿಯ ರಾಜ ಮುಂದೆ ಅಡ್ಡ ನಿಂತು ಆಟವನ್ನು ಡ್ರಾ ಮಾಡಿಬಿಡುತ್ತಾನೆ. ರಾಜನೇ ಮುಂದೆ ನಡೆದು ದಾರಿ ಬಿಡಿಸಿದರೆ ಮಾತ್ರ ಕಾಲಾಳಿಗೆ ಮುಕ್ತಿ. ಇಬ್ಬರು ರಾಜರು ನಡುವೆ ಒಂದು ಮನೆ ಬಿಟ್ಟು ಮುಖಾಮುಖಿ ನಿಂತಾಗ ನಡೆಯುವ ಸರದಿ ಯಾರದೋ ಅವರು ಪಕ್ಕಕ್ಕೆ ಸರಿಯಲೇಬೇಕು. ಇಡೀ ಆಟದ ಭವಿಷ್ಯ ಆ ಒಂದು ಹೆಜ್ಜೆಯ ಮೇಲೆ ನಿಂತಿರುತ್ತದೆ. ಕಾಲಾಳು ಮಣೆಯ ಅಂಚಿನ ಸಾಲಿನದಾಗಿದ್ದರಂತೂ ಎದುರಾಳಿಯ ರಾಜ ಮೂಲೆ ಸೇರಿಕೊಂಡರೆ ಡ್ರಾ ಖಚಿತ. ಎರಡೂ ಕಡೆ ಒಂದೊಂದು ಒಂಟೆ ಉಳಿದು, ಒಂದು ಬಿಳಿ ಮನೆಗಳಲ್ಲೂ ಇನ್ನೊಂದು ಕಪ್ಪು ಮನೆಗಳಲ್ಲೂ ಓಡಾಡುತ್ತಿದ್ದರೆ ಎರಡು ಕಾಲಾಳುಗಳ ಮುನ್ನಡೆಯೂ ಎಷ್ಟೋ ಸಲ ವ್ಯರ್ಥ.

ಆನೆಗಳ ಅಂತ್ಯದಾಟ ಇನ್ನೂ ಕಠಿಣ. ಆಟಗಳಲ್ಲಿ ಹೆಚ್ಚಾಗಿ ಎದುರಾಗುವುದೂ ಅದೇ. ಒಂದು ಆನೆ, ಒಂದು ಕಾಲಾಳು ಇರುವವನ ವಿರುದ್ಧ ಬರೀ ಒಂದು ಆನೆಯಿಂದ ಡ್ರಾ ಸಾಧಿಸುವ ಉಪಾಯವನ್ನು ಹದಿನೆಂಟನೆಯ ಶತಮಾನದಲ್ಲೇ ಫ್ರಾನ್ಸಿನ ಫಿಲಿಡೋರ್ ತೋರಿಸಿಕೊಟ್ಟಿದ್ದರು. ರಕ್ಷಿಸುವವನು ತನ್ನ ಕಡೆಯಿಂದ ಮೂರನೆಯ ಸಾಲಿನಲ್ಲಿ ಆನೆಯನ್ನಿಟ್ಟು ಎದುರಾಳಿಯ ರಾಜನನ್ನು ತಡೆಯುತ್ತಾನೆ. ಕಾಲಾಳು ಆ ಸಾಲಿಗೆ ಬಂದೊಡನೆ ಆನೆಯನ್ನು ಮಣೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡಲಾರಂಭಿಸುತ್ತಾನೆ. ಆಗ ರಾಜನಿಗೆ ಅಡಗಲು ಜಾಗವಿರುವುದಿಲ್ಲ. ಹೀಗೆ ಒಂದು ಕಾಲಾಳು ಹೆಚ್ಚಿಗೆ ಇರುವ ಎಷ್ಟೋ ಆಟಗಳು ಕೈ ಜಾರಿ ಹೋಗುತ್ತವೆ.

ಕಾಪಾಬ್ಲಾಂಕಾ ಈ ಕ್ಷೇತ್ರದಲ್ಲಿ ಅವಸರವನ್ನು ದೂರವಿಟ್ಟರು. ಎದುರಾಳಿಗೆ ಪ್ರತಿದಾಳಿಗೆ ಅವಕಾಶವಿಲ್ಲವೆಂದು ಖಚಿತವಾದ ಮೇಲೆ ಗೆಲುವಿಗಾಗಿ ಧಾವಿಸಬೇಕಾದ ಅಗತ್ಯವೇನಿದೆ? ಮೊದಲು ರಾಜನನ್ನು ಮಣೆಯ ನಡುವಿಗೆ ತರುವುದು, ಆಮೇಲೆ ಆನೆಗೆ ಒಳ್ಳೆಯ ಜಾಗ, ಆಮೇಲೆ ಕಾಲಾಳುಗಳ ಹೊಂದಾಣಿಕೆ, ಎಲ್ಲ ಸಿದ್ಧವಾದ ಮೇಲೆಯೇ ಮುನ್ನುಗ್ಗುವುದು. 1936ರ ಮಾಸ್ಕೋ ಟೂರ್ನಿಯಲ್ಲಿ ವ್ಯಾಚೆಸ್ಲಾವ್ ರಗೋಜಿನ್ ವಿರುದ್ಧ ಆಡಿದ ಅಂತ್ಯದಾಟವನ್ನು ವಿವರಿಸುವಾಗ ಅವರು ನಡೆಗಳ ಸರಮಾಲೆಯನ್ನು ಒಪ್ಪಿಸಲಿಲ್ಲ. ರಾಜ ಎಲ್ಲಿ ನಿಲ್ಲಬೇಕು, ಆನೆ ಎಲ್ಲಿ, ಕುದುರೆ ಎಲ್ಲಿ, ಕಾಲಾಳುಗಳು ಎಲ್ಲಿ ಎಂಬ ಚಿತ್ರವನ್ನಷ್ಟೇ ಬಿಡಿಸಿಟ್ಟರು. ಮನಸ್ಸಿನಲ್ಲಿ ಮೊದಲು ಚಿತ್ರ, ಆಮೇಲೆ ಅದನ್ನು ಮುಟ್ಟುವ ನಡೆಗಳು. ಸೋವಿಯತ್ ತರಬೇತುದಾರರು ಈ ವಿಧಾನವನ್ನು ಮುಂದೆ ಪಾಠವಾಗಿಯೇ ಕಲಿಸಿದರು.

1921ರಲ್ಲಿ ಪ್ರಕಟವಾದ ಅವರ 'ಚೆಸ್ ಫಂಡಮೆಂಟಲ್ಸ್' ಪುಸ್ತಕ ಇದೇ ದೃಷ್ಟಿಯಿಂದ ಹೊರಟಿದೆ. ಮೊದಲ ಪುಟಗಳಲ್ಲೇ ಅದು ರಾಜ ಮತ್ತು ಒಂದು ಆನೆಯಿಂದ ಚೆಕ್‌ಮೇಟ್ ಮಾಡುವುದನ್ನು, ಕಾಲಾಳನ್ನು ಮಂತ್ರಿಯಾಗಿಸುವುದನ್ನು ಕಲಿಸುತ್ತದೆ; ಆರಂಭದ ನಡೆಗಳ ವಿಚಾರ ಬಳಿಕ ಬರುತ್ತದೆ. ಕೊನೆಯನ್ನು ಅರಿಯದವನಿಗೆ ಆದಿ ಅರ್ಥವಾಗದು ಎಂಬುದೇ ಅದರ ಸಾರ.

ಎಂಟು ವರ್ಷಗಳ ಅಜೇಯ ಯಾತ್ರೆ

1916ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆಸ್ಕರ್ ಚಾಯೆಸ್ ಎಂಬುವರಿಗೆ ಸೋತ ಬಳಿಕ, 1924ರ ಮಾರ್ಚ್‌ವರೆಗೆ ಕಾಪಾಬ್ಲಾಂಕಾ ಒಂದೇ ಒಂದು ಅಧಿಕೃತ ಆಟವನ್ನೂ ಸೋಲಲಿಲ್ಲ. 63 ಆಟಗಳು, 40 ಗೆಲುವು, 23 ಡ್ರಾ. ಈ ಅವಧಿಯ ನಡುವೆಯೇ ವಿಶ್ವ ಚಾಂಪಿಯನ್ ಪಟ್ಟವೂ ಒಲಿದು ಬಂತು.

1921ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹವಾನಾದಲ್ಲಿ ಲಾಸ್ಕರ್ ವಿರುದ್ಧ ಸರಣಿ ನಡೆಯಿತು. ಇಪ್ಪತ್ತೇಳು ವರ್ಷ ಚಾಂಪಿಯನ್ ಆಗಿದ್ದ ಲಾಸ್ಕರ್ ಅವರಿಗೆ ಆಗ ವಯಸ್ಸು 52. ಕಾಪಾಬ್ಲಾಂಕಾ 4 ಆಟ ಗೆದ್ದು, 10 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಪಟ್ಟ ಏರಿದರು.

ಈ ಸರಣಿಯ ಹತ್ತನೆಯ ಆಟ ಪ್ರಸಿದ್ಧವಾದುದು. ಲಾಸ್ಕರ್ ಅವರ ಒಂದು ಕಾಲಾಳು ಸಂಗಾತಿಗಳಿಲ್ಲದೆ ಮಣೆಯ ನಡುವೆ ಒಂಟಿಯಾಗಿ ಉಳಿದಿತ್ತು. ಕಾಪಾಬ್ಲಾಂಕಾ ಅದರ ಮೇಲೆ ನೇರ ದಾಳಿ ಮಾಡಲಿಲ್ಲ. ಕಾಯಿಗಳನ್ನು ಒಂದೊಂದಾಗಿ ವಿನಿಮಯ ಮಾಡಿಕೊಳ್ಳುತ್ತ ಬಂದರು. ಕಾಯಿ ಕಡಿಮೆಯಾದಂತೆ ಆ ದೌರ್ಬಲ್ಯವನ್ನು ಮುಚ್ಚಿಕೊಳ್ಳುವ ಆಸರೆಯೂ ಕಡಿಮೆಯಾಯಿತು. ಮಂತ್ರಿಗಳು ಹೊರಬಿದ್ದ ಬಳಿಕ ಮಣೆಯ ಇನ್ನೊಂದು ಬದಿಯಲ್ಲೂ ಒತ್ತಡ ಹೇರಿದರು. ಒಂದು ಕಡೆ ಕಾವಲು ಕಾಯ್ದರೆ ಇನ್ನೊಂದು ಕಡೆ ಬಿರುಕು. ಕೊನೆಗೆ ಒಂದು ಕಾಲಾಳು ಬಿತ್ತು. ಅಲ್ಲಿಂದ ಮುಂದೆ ಕಾಪಾಬ್ಲಾಂಕಾ ಕೈ ನಡುಗಲಿಲ್ಲ. 68ನೆಯ ನಡೆಗೆ ಲಾಸ್ಕರ್ ಸೋಲೊಪ್ಪಿದರು. ಒಂದು ಸಣ್ಣ ಕೊರತೆ ಹಿಗ್ಗಿ ಕಾಲಾಳಿನ ನಷ್ಟವಾಗುವುದನ್ನೂ, ಆ ನಷ್ಟ ಸೋಲಾಗುವುದನ್ನೂ ಒಂದೇ ಆಟದಲ್ಲಿ ಕಾಣಬೇಕೆಂದರೆ ಇದನ್ನು ನೋಡಬೇಕು.

1922ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಾಪಾಬ್ಲಾಂಕಾ ಏಕಕಾಲಕ್ಕೆ 103 ಮಂದಿಯೊಡನೆ ಆಡಿ 102 ಆಟ ಗೆದ್ದರು. ಒಂದು ಡ್ರಾ ಆಯಿತು. ಅದೇ ವರ್ಷ ಲಂಡನ್ ಟೂರ್ನಿಯನ್ನು ಸೋಲಿಲ್ಲದೆ ಗೆದ್ದರು. ಜನ ಅವರನ್ನು ಚೆಸ್ ಯಂತ್ರ ಎಂದು ಕರೆಯತೊಡಗಿದರು.

ಲೆಕ್ಕ ತಲೆಕೆಳಗಾದ ಆಟ

1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ರಿಚರ್ಡ್ ರೇಟಿ ಆ ಯಂತ್ರವನ್ನು ನಿಲ್ಲಿಸಿದರು. ಎಂಟು ವರ್ಷಗಳ ಬಳಿಕ ಬಂದ ಸೋಲು ದೊಡ್ಡ ಸುದ್ದಿಯಾಯಿತು. ಅದೇ ಟೂರ್ನಿಯಲ್ಲಿ ಸಾವಿಯೆಲಿ ಟಾರ್ಟಾಕೋವರ್ ವಿರುದ್ಧ ಕಾಪಾಬ್ಲಾಂಕಾ ಆಡಿದ ಆನೆಗಳ ಅಂತ್ಯದಾಟ, ಬಲದ ಲೆಕ್ಕವನ್ನು ಅವರು ಎಷ್ಟು ಆಳವಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ.

ಅಲ್ಲಿ ಅವರು ಕಾಲಾಳು ಗಳಿಸಲಿಲ್ಲ. ಎರಡು ಕಾಲಾಳುಗಳನ್ನು ಬಿಟ್ಟುಕೊಟ್ಟರು. ಅವರ ಆನೆ ಏಳನೆಯ ಸಾಲಿಗೆ ನುಗ್ಗಿ ಎದುರಾಳಿಯ ರಾಜನನ್ನು ಹಿಂದಿನ ಸಾಲಿನಲ್ಲಿ ಕಟ್ಟಿಹಾಕಿತ್ತು. ಟಾರ್ಟಾಕೋವರ್ ಅವರ ಆನೆ ಚೆಕ್ ಕೊಡುತ್ತ ಕಾಲಾಳುಗಳನ್ನು ಕಬಳಿಸುತ್ತಿದ್ದಂತೆ, ಕಾಪಾಬ್ಲಾಂಕಾ ಅವರ ರಾಜ ಮಾತ್ರ ಹೆಜ್ಜೆ ಹೆಜ್ಜೆಯಾಗಿ ಶತ್ರು ಪಾಳಯದೊಳಗೆ ನಡೆದು, ತನ್ನ ಮುಂದೊತ್ತಿದ ಕಾಲಾಳಿನ ಪಕ್ಕದಲ್ಲಿ ನಿಂತ. ದಾರಿಯಲ್ಲಿ ಸಿಕ್ಕ ಎದುರಾಳಿಯ ಕಾಲಾಳನ್ನು ಒಡನೆ ಕಬಳಿಸಲೂ ಇಲ್ಲ. ಚೆಕ್‌ಗಳಿಂದ ರಕ್ಷಣೆಗೆ ಅದನ್ನೇ ಗುರಾಣಿಯಾಗಿ ಬಳಸಿಕೊಂಡ. ರಾಜ, ಆನೆ, ಕಾಲಾಳು ಮೂರೂ ಒಂದೆಡೆ ಸೇರಿದಾಗ ಟಾರ್ಟಾಕೋವರ್ ಬಳಿಯಿದ್ದ ಹೆಚ್ಚುವರಿ ಕಾಲಾಳುಗಳು ಬರೀ ಸಂಖ್ಯೆಯಾಗಿ ಉಳಿದವು. ಮುಂದಿನ ಕೆಲವೇ ನಡೆಗಳಲ್ಲಿ ಕೊಟ್ಟದ್ದೆಲ್ಲವನ್ನೂ ಮರಳಿ ಪಡೆದು 52 ನಡೆಗಳಲ್ಲಿ ಆಟ ಮುಗಿಸಿದರು. ಕಾಯಿಗಳ ಬೆಲೆ ಅವು ನಿಂತ ಜಾಗದಿಂದ ನಿರ್ಧಾರವಾಗುತ್ತದೆಯೇ ಹೊರತು ಎಣಿಕೆಯಿಂದ ಅಲ್ಲ ಎಂಬುದಕ್ಕೆ ಚೆಸ್ ಶಿಕ್ಷಕರು ಇಂದಿಗೂ ಈ ಆಟವನ್ನೇ ಮುಂದಿಡುತ್ತಾರೆ.

ಆ ಟೂರ್ನಿಯಲ್ಲಿ ಲಾಸ್ಕರ್ ಮೊದಲಿಗರು, ಕಾಪಾಬ್ಲಾಂಕಾ ಎರಡನೆಯವರು. ಮೂರನೆಯ ಸ್ಥಾನದಲ್ಲಿ ನಿಂತಿದ್ದವರು ರಷ್ಯಾ ಮೂಲದ ಅಲೆಕ್ಸಾಂಡರ್ ಅಲೆಖಿನ್.

ಬ್ಯೂನಸ್ ಐರಿಸ್: ಕಿರೀಟ ಜಾರಿದ ಬಗೆ

1927ರ ಆರಂಭದಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಇನ್ನೊಂದು ಟೂರ್ನಿಯನ್ನು ಕಾಪಾಬ್ಲಾಂಕಾ ಒಂದೂ ಸೋಲಿಲ್ಲದೆ, ಎರಡನೆಯ ಸ್ಥಾನದ ಅಲೆಖಿನ್ ಅವರಿಗಿಂತ ಎರಡೂವರೆ ಅಂಕ ಮುಂದೆ ನಿಂತು ಗೆದ್ದರು. ಅದುವರೆಗೆ ಅಲೆಖಿನ್ ಒಮ್ಮೆಯೂ ಕಾಪಾಬ್ಲಾಂಕಾ ಅವರನ್ನು ಸೋಲಿಸಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಇಬ್ಬರ ನಡುವೆ ಪಟ್ಟದ ಸರಣಿ ಆರಂಭವಾದಾಗ ಚಾಂಪಿಯನ್ ಸೋಲಬಹುದೆಂದು ನಂಬಿದವರು ವಿರಳ. ಮೊದಲು ಆರು ಆಟ ಗೆದ್ದವರಿಗೆ ಪಟ್ಟ, ಡ್ರಾಗಳಿಗೆ ಲೆಕ್ಕವಿಲ್ಲ.

ಅಲೆಖಿನ್ ಎದುರಾಳಿಯ ಆಟಗಳನ್ನು ತಿಂಗಳುಗಟ್ಟಲೆ ಜಾಲಾಡಿ ಬಂದಿದ್ದರು. ಸಹಜ ಪ್ರತಿಭೆಯ ಮೇಲೆ ಅತಿಯಾದ ಭರವಸೆಯಿಟ್ಟ ಕಾಪಾಬ್ಲಾಂಕಾ ಕೆಲವೊಮ್ಮೆ ಮೊದಲು ಹೊಳೆದ ನಡೆಯಲ್ಲೇ ತೃಪ್ತರಾಗಿಬಿಡುತ್ತಾರೆ, ಗೆಲುವು ಸಮೀಪಿಸಿದಾಗ ಬಿಗಿ ಸಡಿಲಿಸುತ್ತಾರೆ ಎಂಬುದು ಅವರ ಎಣಿಕೆ. ಮೊದಲ ಆಟವನ್ನೇ ಅಲೆಖಿನ್ ಗೆದ್ದರು. ಕಾಪಾಬ್ಲಾಂಕಾ ಮೂರನೆಯ ಮತ್ತು ಏಳನೆಯ ಆಟ ಗೆದ್ದು ಮುಂದೆ ಬಂದರು. 11, 12 ಮತ್ತು 21ನೆಯ ಆಟಗಳು ಅಲೆಖಿನ್ ಪಾಲಾದವು. ಆಗ 4-2.

27ನೆಯ ಆಟದಲ್ಲಿ ಸರಣಿಯ ದಿಕ್ಕು ಬದಲಾಗಬಹುದಾಗಿತ್ತು. ಕಾಪಾಬ್ಲಾಂಕಾ ಗೆಲುವಿನ ಸ್ಥಿತಿಯಲ್ಲಿದ್ದರು. ಅಲೆಖಿನ್ ಅವರ ಮಂತ್ರಿ ಚೆಕ್ ಕೊಟ್ಟಿತು. ರಾಜನಿಗೆ ಹೋಗಲು ಎರಡು ಮನೆಗಳಿದ್ದವು. ಒಂದರಲ್ಲಿ ಗೆಲುವು, ಇನ್ನೊಂದರಲ್ಲಿ ಮುಗಿಯದ ಚೆಕ್‌ಗಳ ಸರಪಳಿ. ಅಂತ್ಯದಾಟದ ದೊರೆ ಎರಡನೆಯ ಮನೆಯನ್ನು ಆರಿಸಿಕೊಂಡರು. ಆಟ ಡ್ರಾ ಆಯಿತು. ಎರಡು ಆಟಗಳ ಬಳಿಕ, 29ನೆಯ ಆಟದಲ್ಲಿ, ಒಂದು ಕಾಲಾಳಿನ ಮುನ್ನಡೆಯನ್ನು 70 ನಡೆಗಳವರೆಗೆ ಹಿಗ್ಗಿಸಿ ಗೆದ್ದರು. ಅಂತರ 4-3ಕ್ಕೆ ಇಳಿಯಿತು. 27ನೆಯ ಆಟವೂ ಕೈಗೂಡಿದ್ದರೆ ಇಬ್ಬರೂ ಸಮನಾಗಿರುತ್ತಿದ್ದರು. ಒಂದೇ ಒಂದು ಮನೆಯ ಆಯ್ಕೆಯ ಬೆಲೆ ಇದು.

32ನೆಯ ಆಟ ಅಲೆಖಿನ್ ಗೆದ್ದರು. ನವೆಂಬರ್ ಕೊನೆಯಲ್ಲಿ 34ನೆಯ ಆಟ ಆರಂಭವಾಯಿತು. ಆಟದ ಮಧ್ಯದಲ್ಲಿ ಕಾಪಾಬ್ಲಾಂಕಾ ಒಂದು ಕಾಲಾಳು ಕಳೆದುಕೊಂಡರು. ಮಂತ್ರಿಗಳು ವಿನಿಮಯವಾಗಿ ಒಂದೊಂದು ಆನೆ ಉಳಿಯಿತು. ಬಲಬದಿಯಲ್ಲಿ ಇಬ್ಬರಿಗೂ ಮೂರು ಮೂರು ಕಾಲಾಳು. ಎಡತುದಿಯ ಅಂಚಿನಲ್ಲಿ ಅಲೆಖಿನ್ ಅವರದು ಒಂದು ಹೆಚ್ಚು. ಅದನ್ನು ತಡೆಯಲು ಎದುರಿಗೆ ಯಾವ ಕಾಲಾಳೂ ಇರಲಿಲ್ಲ.

54ನೆಯ ನಡೆಯಲ್ಲಿ ಅಲೆಖಿನ್ ತಮ್ಮ ಆನೆಯನ್ನು ಆ ಕಾಲಾಳಿನ ಹಿಂದೆ ತಂದಿಟ್ಟರು. ನೋಡಲು ಸಾಮಾನ್ಯ ನಡೆ. ಪಠ್ಯಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚು ಅಚ್ಚಾದ ನಡೆಗಳು ಕಡಿಮೆ. ಆನೆ ಹಿಂದಿದ್ದರೆ ಕಾಲಾಳು ಮುಂದೆ ಸಾಗಿದಂತೆಲ್ಲ ಆನೆಯ ದಾರಿ ಉದ್ದವಾಗುತ್ತದೆ, ಬಲ ಹೆಚ್ಚುತ್ತದೆ. ಕಾಲಾಳಿನ ಮುಂದೆ ಅಡ್ಡ ನಿಂತ ಎದುರಾಳಿಯ ಆನೆಗಾದರೋ ಪ್ರತಿ ಹೆಜ್ಜೆಗೂ ಜಾಗ ಕಿರಿದಾಗುತ್ತ ಹೋಗುತ್ತದೆ. ಆ ಆನೆಯನ್ನು ಬಿಡಿಸಲು ಕಾಪಾಬ್ಲಾಂಕಾ ಅವರ ರಾಜ ಎಡಬದಿಗೆ ಧಾವಿಸಬೇಕಾಯಿತು. ರಾಜನೂ ಆನೆಯೂ ಒಂದು ಕಾಲಾಳಿನ ಕಾವಲಿಗೆ ಕಟ್ಟುಬಿದ್ದಾಗ ಅಲೆಖಿನ್ ಅವರ ರಾಜ ತಿರುಗಿ ಬಲಬದಿಗೆ ನಡೆದ. ಅಲ್ಲಿದ್ದ ಮೂರು ಕಾಲಾಳುಗಳನ್ನು ಕಾಯಲು ಯಾರೂ ಇರಲಿಲ್ಲ.

ಅಂಚಿನ ಕಾಲಾಳು ಮಂತ್ರಿಯಾಗಬೇಕೆಂದೇನೂ ಇಲ್ಲ. ಎದುರಾಳಿಯ ಪಡೆಯನ್ನು ಒಂದು ಮೂಲೆಗೆ ಸೆಳೆದರೆ ಅದರ ಕೆಲಸ ಮುಗಿಯಿತು. ಈ ತತ್ತ್ವವನ್ನು ಲೋಕಕ್ಕೆ ತಿಳಿಯಹೇಳಿದವರಲ್ಲಿ ಕಾಪಾಬ್ಲಾಂಕಾ ಅವರೂ ಒಬ್ಬರು. ಅಲೆಖಿನ್ ಇನ್ನೂ ಬೇಗ ಗೆಲ್ಲಬಹುದಾಗಿತ್ತು ಎಂದು ನಂತರದ ವಿಶ್ಲೇಷಕರು ತೋರಿಸಿದ್ದಾರೆ. ಆದರೂ ದಾರಿ ತಪ್ಪಲಿಲ್ಲ. 82 ನಡೆಗಳ ಹೊತ್ತಿಗೆ ಆಟ ಮುಂದೂಡಲ್ಪಟ್ಟಿತ್ತು. ನವೆಂಬರ್ 29ರಂದು ಆಟ ಮುಂದುವರಿಸಲು ಕಾಪಾಬ್ಲಾಂಕಾ ಬರಲಿಲ್ಲ. ಸೋಲೊಪ್ಪಿ ಹೊಸ ಚಾಂಪಿಯನ್‌ಗೆ ಶುಭ ಕೋರಿದ ಪತ್ರ ಬಂತು. ಅಲೆಖಿನ್ 6, ಕಾಪಾಬ್ಲಾಂಕಾ 3, ಡ್ರಾ 25. ವಿಶ್ವ ಪಟ್ಟಕ್ಕಾಗಿ ಇದಕ್ಕಿಂತ ದೀರ್ಘವಾದ ಸರಣಿ ನಡೆದದ್ದು 1984-85ರಲ್ಲಿ, ಕಾರ್ಪೊವ್ ಮತ್ತು ಕಾಸ್ಪರೊವ್ ನಡುವೆ.

ದೊರೆಯದ ಮರುಸರಣಿ

ಮರುಸರಣಿಗಾಗಿ ಕಾಪಾಬ್ಲಾಂಕಾ ಬದುಕಿನುದ್ದಕ್ಕೂ ಯತ್ನಿಸಿದರು. ಹಣದ ಷರತ್ತು, ಪತ್ರಗಳ ವಾಗ್ವಾದ, ಪರಸ್ಪರ ಕಹಿ. ಸರಣಿ ಮಾತ್ರ ನಡೆಯಲೇ ಇಲ್ಲ. ಸವಾಲು ಹಾಕುವವರು 10,000 ಡಾಲರ್ ಮೊತ್ತವನ್ನು ಒದಗಿಸಬೇಕೆಂಬ ನಿಯಮವನ್ನು 1922ರಲ್ಲಿ ಲಂಡನ್‌ನಲ್ಲಿ ಮುಂದಿಟ್ಟವರು ಸ್ವತಃ ಕಾಪಾಬ್ಲಾಂಕಾ. ತಾವೇ ಕಟ್ಟಿದ ಗೋಡೆ ಈಗ ತಮ್ಮ ದಾರಿಗೇ ಅಡ್ಡವಾಯಿತು.

ಈ ನಡುವೆ ಭಾರತೀಯರು ನೆನೆಯಬೇಕಾದ ಒಂದು ಆಟ ನಡೆಯಿತು. 1930-31ರ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 65 ನಡೆಗಳಲ್ಲಿ ಕಾಪಾಬ್ಲಾಂಕಾ ಅವರನ್ನು ಮಣಿಸಿದರು. ಭಾರತೀಯ ಪದ್ಧತಿಯ ಚದುರಂಗ ಕಲಿತು, ಯೂರೋಪಿನ ನಿಯಮಗಳನ್ನು ತಡವಾಗಿ ರೂಢಿಸಿಕೊಂಡ ಸುಲ್ತಾನ್ ಖಾನ್, ಸಿಕ್ಕ ಮೇಲುಗೈಯನ್ನು ಬಿಡದೆ ಹಿಡಿದು ನಿಧಾನವಾಗಿ ಬಿಗಿಗೊಳಿಸಿದ ಪರಿ ಕಾಪಾಬ್ಲಾಂಕಾ ಅವರದೇ ಶೈಲಿಯನ್ನು ನೆನಪಿಸುತ್ತದೆ. 1966ರಲ್ಲಿ ನಿಧನರಾದ ಅವರಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 2024ರಲ್ಲಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು.

ಕಾಪಾಬ್ಲಾಂಕಾ ಅವರ ಕೊನೆಯ ಮಹಾ ವರ್ಷ 1936. ಮಾಸ್ಕೋದಲ್ಲಿ ತರುಣ ಮಿಖಾಯಿಲ್ ಬೋಟ್ವಿನ್ನಿಕ್ ಅವರನ್ನು ಹಿಂದಿಕ್ಕಿ ಪ್ರಥಮರಾದರು. ನಾಟಿಂಗ್‌ಹ್ಯಾಮ್‌ನಲ್ಲಿ ಅದೇ ಬೋಟ್ವಿನ್ನಿಕ್ ಜೊತೆ ಮೊದಲ ಸ್ಥಾನ ಹಂಚಿಕೊಂಡರು. ಅಲ್ಲಿ ಒಂಬತ್ತು ವರ್ಷಗಳ ಬಳಿಕ ಅಲೆಖಿನ್ ಎದುರಾದಾಗ ಗೆದ್ದವರು ಕಾಪಾಬ್ಲಾಂಕಾ. ಆ ಗೆಲುವಿಗೆ ಕಿರೀಟ ಅಂಟಿಕೊಂಡಿರಲಿಲ್ಲ ಎಂಬುದೊಂದೇ ಕೊರತೆ. ಅಷ್ಟರಲ್ಲಿ ಅಧಿಕ ರಕ್ತದೊತ್ತಡ ಅವರನ್ನು ಕಾಡತೊಡಗಿತ್ತು. 1939ರಲ್ಲಿ ಬ್ಯೂನಸ್ ಐರಿಸ್‌ನಲ್ಲೇ ನಡೆದ ಒಲಿಂಪಿಯಾಡ್‌ನಲ್ಲಿ ಕ್ಯೂಬಾ ತಂಡದ ಮೊದಲ ಬೋರ್ಡಿನಲ್ಲಿ ಆಡಿ ವೈಯಕ್ತಿಕ ಚಿನ್ನ ಗಳಿಸಿದರು.

1942ರ ಮಾರ್ಚ್ 7ರ ರಾತ್ರಿ, ತರುಣನಾಗಿದ್ದಾಗ ಓದು ಮರೆತು ಕೂರುತ್ತಿದ್ದ ಅದೇ ಮ್ಯಾನ್‌ಹಟನ್ ಚೆಸ್ ಕ್ಲಬ್ಬಿನಲ್ಲಿ ಕಾಪಾಬ್ಲಾಂಕಾ ಕುಸಿದುಬಿದ್ದರು. ಮರುದಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಒಂದು ವರ್ಷದ ಹಿಂದೆ ಲಾಸ್ಕರ್ ನಿಧನರಾದದ್ದೂ ಅದೇ ಆಸ್ಪತ್ರೆಯಲ್ಲಿ. ಕಾಪಾಬ್ಲಾಂಕಾ ಅವರಿಗೆ 53 ವರ್ಷ. ಹವಾನಾದ ಕೊಲೋನ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ ಅಮೃತಶಿಲೆಯ ಚದುರಂಗದ ರಾಜ ನಿಂತಿದ್ದಾನೆ.

ಯಂತ್ರಗಳು ಕೊಟ್ಟ ತೀರ್ಪು

ಇಂದು ಮಣೆಯ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳು ಉಳಿದಾಗ ಫಲಿತಾಂಶ ಏನೆಂದು ಕಂಪ್ಯೂಟರ್ ತಪ್ಪಿಲ್ಲದೆ ಹೇಳಬಲ್ಲದು. ಮನುಷ್ಯರ ಆಟದಲ್ಲಿ ಮುಚ್ಚಿಹೋಗಿದ್ದ ಎಷ್ಟೋ ತಪ್ಪುಗಳು ಹೊರಬಿದ್ದಿವೆ. 2006ರಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ ಮಾತೇಯ್ ಗುಯಿದ್ ಮತ್ತು ಇವಾನ್ ಬ್ರಾಟ್ಕೊ, ವಿಶ್ವ ಚಾಂಪಿಯನ್‌ಗಳು ಪಟ್ಟದ ಸರಣಿಗಳಲ್ಲಿ ಆಡಿದ ನಡೆಗಳನ್ನು ಕಂಪ್ಯೂಟರ್‌ನಿಂದ ತೂಗಿ ನೋಡಿದರು. ಸರಾಸರಿ ಅತಿ ಕಡಿಮೆ ತಪ್ಪು ಮಾಡಿದವರು ಕಾಪಾಬ್ಲಾಂಕಾ ಎಂಬ ಫಲಿತಾಂಶ ಬಂತು. ಅವರು ಸರಳವಾದ ಸ್ಥಿತಿಗಳನ್ನು ಆರಿಸಿಕೊಳ್ಳುತ್ತಿದ್ದುದೂ ಇದಕ್ಕೆ ಒಂದು ಕಾರಣ. ಆದರೆ ಜಟಿಲವಾದುದನ್ನು ಸರಳಗೊಳಿಸುವುದೇ ಅವರ ವಿದ್ಯೆಯಾಗಿತ್ತಲ್ಲವೆ?

ಕಾಪಾಬ್ಲಾಂಕಾ ಅವರ ಬದುಕನ್ನು ಒಟ್ಟಾಗಿ ನೋಡಿದರೆ ಹುಟ್ಟಿನಿಂದಲೇ ಅವರ ಬಳಿ ಒಂದು ಕಾಲಾಳು ಹೆಚ್ಚಿಗೆ ಇತ್ತು ಎನಿಸುತ್ತದೆ. ಇತರರು ಬೆವರು ಸುರಿಸಿ ಕಾಣುತ್ತಿದ್ದುದು ಅವರಿಗೆ ಕಣ್ಣೋಟಕ್ಕೇ ಕಾಣುತ್ತಿತ್ತು. ಆ ಮುನ್ನಡೆಯಿಂದ ಅವರು ವಿಶ್ವ ಪಟ್ಟವನ್ನು ಗೆದ್ದರು. ಅದನ್ನು ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ, ಹೆಚ್ಚು ದುಡಿದ ಎದುರಾಳಿಯೊಬ್ಬ ಬಂದ. ಹೆಚ್ಚುವರಿ ಕಾಲಾಳು ಗೆಲುವಿನ ಭರವಸೆ ಮಾತ್ರ. ಗೆಲುವಾಗಬೇಕಾದರೆ ಕೊನೆಯ ನಡೆಯವರೆಗೂ ದುಡಿಮೆ ಬೇಕು. ಇದನ್ನು ತಮ್ಮ ಗೆಲುವುಗಳಿಂದ ಕಲಿಸಿದ ಕಾಪಾಬ್ಲಾಂಕಾ, ತಮ್ಮ ದೊಡ್ಡ ಸೋಲಿನಿಂದಲೂ ಅದನ್ನೇ ಕಲಿಸಿ ಹೋದರು.